ಗಾಜೇ ಹೆಪ್ಪು

ಮೈಸೂರಿನ ಹಳೇ ಬಡಾವಣೆಯ ಒಂದು ಮನೆ. ಭಾನುವಾರ ಬೆಳಿಗ್ಗೆ ಏಳೂವರೆ. ಒಬ್ಬರು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಇನ್ನೊಬ್ಬಳು ಅವರ ತಂಗಿಯ ಮಗಳು, ಒಸಡಿನ ಚಿಕಿತ್ಸೆಯಲ್ಲಿ ಎಂ.ಡಿ.ಎಸ್. ಮಾಡಿದವಳು.

— ಕಾಫಿ ನಿನಗೆ ಮಾತ್ರ ಕಣೇ. ನಾನು ಈಗ ತಾನೇ ಒಂದು ಮಾತ್ರೆ ನುಂಗಿದ್ದೀನಿ, ಅರ್ಧ ಗಂಟೆ ಏನೂ ಕುಡಿಯೋ ಹಾಗಿಲ್ಲ. ಅದಿರಲಿ, ಮೊದಲು ಈ ಚೀಟಿ ನೋಡು.

— ಕೆಳಗಿನ ಮೊದಲನೇ ದವಡೆಹಲ್ಲು. ಬೇರು ಉದ್ದಕ್ಕೆ ಸೀಳಿದೆ, ಗುರುವಾರ ತೆಗೆಯೋದು, ನಾಲ್ಕು ತಿಂಗಳ ಮೇಲೆ ಇಂಪ್ಲಾಂಟ್. ಏನು ಕಡಿದ್ರಿ ದೊಡ್ಡಮ್ಮ?

— ಚಕ್ಕುಲಿ. ಗೌರಿ ಹಬ್ಬದ್ದು. ರೂಟ್ ಕೆನಾಲ್ ಮಾಡಿಸಿ ಹತ್ತು ವರ್ಷ ಆಗಿತ್ತು, ಪಾಪ, ಅದೂ ಎಷ್ಟು ದಿನ ತಡೆದೀತು. ನಾನು ಕೇಳಬೇಕು ಅಂತ ಇರೋದು ಕೊನೇ ಸಾಲು.

— ಪಿ.ಆರ್.ಎಫ್. ಮೂರು ಸಾವಿರ ರೂಪಾಯಿ.

— ಅದೇ. "ನಿಮ್ಮದೇ ರಕ್ತ ತೆಗೆದು, ಅದರಲ್ಲೇ ಔಷಧಿ ಮಾಡಿ ಗುಂಡಿಗೆ ಇಡ್ತೀವಿ ಮೇಡಂ, ಮೂಳೆ ತಾನೇ ಬೆಳೆಯುತ್ತೆ" ಅಂದ. ಹುಡುಗ ಒಳ್ಳೆಯವನೇ, ಮಾತೂ ಚೆಂದ. ಆದ್ರೆ ನನ್ನ ರಕ್ತಾನ ನನಗೇ ಮಾರೋದು ಯಾವ ಸೀಮೆ ವ್ಯಾಪಾರ? ಹಲ್ಲು ಕಿತ್ತ ಮೇಲೆ ಗುಂಡಿಯಲ್ಲಿ ರಕ್ತ ತಾನಾಗೇ ತುಂಬಿಕೊಂಡು ಹೆಪ್ಪುಗಟ್ಟೋದಿಲ್ವಾ?

— ಗಟ್ಟುತ್ತೆ. ನಮ್ಮ ಸೆಮಿನಾರ್‌ಗಳಲ್ಲಿ ಇಷ್ಟು ನೇರವಾಗಿ ಯಾರೂ ಕೇಳಲ್ಲ ಬಿಡಿ. ಆ ಹೆಪ್ಪೇ ಗಾಯ ಮಾಯೋದಕ್ಕೆ ಮೂಲ. ಅದು ಕರಗಿಹೋದ್ರೆ, ಇಲ್ಲಾ ಮುಕ್ಕಳಿಸಿ ಉಗಿದು ಕಿತ್ತುಬಂದ್ರೆ, ಮೂಳೆ ಬೆತ್ತಲಾಗಿ ಕಿವಿತನಕ ನೋವು ಹೊಡೆಯುತ್ತೆ. ಡ್ರೈ ಸಾಕೆಟ್ ಅಂತೀವಿ. ಆದ್ರೆ ಹಾಗೇ ಕಟ್ಟಿದ ಹೆಪ್ಪಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕೆಂಪುಕಣಗಳೇ. ಗಾಯ ಮಾಯಿಸೋ ಕೆಲಸದಲ್ಲಿ ಅವುಗಳ ಪಾತ್ರ ಹೆಚ್ಚೇನಿಲ್ಲ, ಆಮೇಲೆ ಅವನ್ನ ಗುಡಿಸಿ ಹಾಕೋ ಕೆಲಸ ಮೈಗೆ. ಬೇಕಾದ್ದು ಪ್ಲೇಟ್‌ಲೆಟ್. ಅದರ ವಿಷಯ ಗೊತ್ತಲ್ಲ?

— ಡೆಂಗಿ ಬಂದ ವರ್ಷ ಬೀದಿಗೆ ಬೀದಿಯೇ ಅದರ ಲೆಕ್ಕ ಮಾತಾಡುತ್ತೆ. ಒಂದೂವರೆ ಲಕ್ಷದಿಂದ ನಾಲ್ಕು ಲಕ್ಷ ಇರಬೇಕು, ಇಪ್ಪತ್ತು ಸಾವಿರಕ್ಕೆ ಇಳಿದ್ರೆ ಮನೆಯವರ ಜೀವ ಬಾಯಿಗೆ ಬರುತ್ತೆ. ಎದುರುಮನೆಯವರು ನಮ್ಮ ಪಪ್ಪಾಯಿ ಗಿಡದ ಒಂದು ಎಲೆ ಬಿಡಲಿಲ್ಲ.

— ಲೆಕ್ಕ ಎಲ್ಲರಿಗೂ ಗೊತ್ತು, ಒಳಗೆ ಏನಿದೆ ಅಂತ ಯಾರೂ ಕೇಳಲ್ಲ. 1882ರಲ್ಲಿ ಇಟಲಿಯ ಬಿಟ್ಸೊಜೆರೊ ಅವನ್ನ ಗುರುತು ಹಿಡಿದು ರಕ್ತ ನಿಲ್ಲಿಸೋದ್ರಲ್ಲಿ ಅವುಗಳ ಪಾತ್ರ ತೋರಿಸಿದ. ಅಲ್ಲಿಂದ ಮುಂದೆ ಸುಮಾರು ತೊಂಬತ್ತು ವರ್ಷ ಅವು ಬರೀ ತೂಬು ಮುಚ್ಚೋ ಬಿರಟೆ ಅಂತಲೇ ನಡೀತು. 1974ರಲ್ಲಿ ಸಿಯಾಟಲ್‌ನ ರಸೆಲ್ ರಾಸ್ ಒಂದು ಸಂಗತಿ ಗಮನಿಸಿದ್ರು. ಹೆಪ್ಪುಗಟ್ಟಿದ ರಕ್ತದಿಂದ ಬಸಿದ ತಿಳಿಯಲ್ಲಿ ಜೀವಕೋಶಗಳು ಚೆನ್ನಾಗಿ ಬೆಳೀತವೆ. ಪ್ಲೇಟ್‌ಲೆಟ್ ಮೊದಲೇ ತೆಗೆದುಹಾಕಿದ ತಿಳಿಯಲ್ಲಿ ಬೆಳೆಯಲ್ಲ.

— ಅಂದ್ರೆ ಒಡೆಯುವಾಗ ಅವು ಏನೋ ಸುರಿಸ್ತವೆ.

— ಹೌದು. ಒಳಗೆ ಸಣ್ಣ ಸಣ್ಣ ಚೀಲಗಳಿವೆ. ಅವುಗಳಲ್ಲಿ ಪಿ.ಡಿ.ಜಿ.ಎಫ್., ಟಿ.ಜಿ.ಎಫ್. ಬೀಟಾ, ವಿ.ಇ.ಜಿ.ಎಫ್. ಥರದ ಪ್ರೋಟೀನುಗಳು. ಅವು ತಾವೇ ಮೂಳೆ ಕಟ್ಟಲ್ಲ. "ಇಲ್ಲಿ ಗಾಯ ಆಗಿದೆ, ಬನ್ನಿ" ಅಂತ ಸುತ್ತಲಿನ ಕೋಶಗಳಿಗೆ ಓಲೆ ಕಳಿಸ್ತವೆ, ಅಷ್ಟೆ. ಇದೊಂದು ನೆನಪಿಟ್ಟುಕೊಂಡ್ರೆ ಮುಂದಿನದೆಲ್ಲಾ ಸುಲಭ.

— ಓಲೆ ಜಾಸ್ತಿ ಹೋದ್ರೆ ಜನ ಜಾಸ್ತಿ ಬರ್ತಾರೆ ಅನ್ನೋ ಲೆಕ್ಕವೋ?

— ಮೊದಲು ಅದೇ ಲೆಕ್ಕ. 1998ರಲ್ಲಿ ಅಮೆರಿಕದ ಮಯಾಮಿಯ ರಾಬರ್ಟ್ ಮಾರ್ಕ್ಸ್ ಅನ್ನೋ ದವಡೆ ಸರ್ಜನ್ ಮತ್ತವರ ಜೊತೆಗಾರರು 88 ರೋಗಿಗಳ ವರದಿ ಬರೆದ್ರು. ಕೆಳದವಡೆಯಲ್ಲಿ ಮೂಳೆ ಹೋದ ಜಾಗಕ್ಕೆ ಸೊಂಟದ ಮೂಳೆ ತಂದು ತುಂಬೋದು, ಅದಕ್ಕೆ ಪ್ಲೇಟ್‌ಲೆಟ್ ಹೆಚ್ಚಿರೋ ಪ್ಲಾಸ್ಮಾ, ಅಂದ್ರೆ ಪಿ.ಆರ್.ಪಿ., ಬೆರೆಸೋದು. ಬೆರೆಸಿದವರಲ್ಲಿ ಮೂಳೆ ಬೇಗ ಬಲಿತಿತ್ತು. ಅಲ್ಲಿಂದ ಶುರುವಾಯ್ತು ನೋಡಿ ಭರಾಟೆ.

— ಮಾಡೋದು ಹೇಗೆ?

— ರಕ್ತ ತೆಗೆದ ಕೂಡಲೇ ಹೆಪ್ಪುಗಟ್ಟದ ಹಾಗೆ ಸಿಟ್ರೇಟ್ ಹಾಕ್ತಾರೆ. ಯಂತ್ರದಲ್ಲಿ ಒಂದು ಸಲ ತಿರುಗಿಸಿ ಕೆಂಪು ಬೇರೆ ಮಾಡ್ತಾರೆ, ಇನ್ನೊಂದು ಸಲ ತಿರುಗಿಸಿ ಪ್ಲೇಟ್‌ಲೆಟ್ ಕೂಡಿಸ್ತಾರೆ. ನೀರು ನೀರಾಗಿರುತ್ತೆ. ಗಾಯಕ್ಕೆ ಹಾಕೋ ಹೊತ್ತಿಗೆ ಗಟ್ಟಿಯಾಗಬೇಕಲ್ಲ, ಅದಕ್ಕೆ ಕ್ಯಾಲ್ಸಿಯಂ ಜೊತೆ ಥ್ರಾಂಬಿನ್ ಸೇರಿಸ್ತಿದ್ರು. ಆ ಥ್ರಾಂಬಿನ್ ಬರ್ತಿದ್ದದ್ದು ದನದ ರಕ್ತದಿಂದ.

— ಅಯ್ಯೋ ರಾಮ! ನಿಮ್ಮದೇ ರಕ್ತ, ನಿಮ್ಮದೇ ರಕ್ತ ಅಂತ ಹೇಳಿ ಹೆಪ್ಪು ಮಾತ್ರ ಬೇರೆಯವರ ಮನೆಯಿಂದ!

— ಸರಿಯಾಗಿ ಹೇಳಿದ್ರಿ. ಮೇಲಾಗಿ ಅದು ಕೆಲವರ ಮೈಗೆ ಆಗಿಬರಲಿಲ್ಲ. ದನದ ಥ್ರಾಂಬಿನ್‌ಗೆ ಎದುರಾಗಿ ಹುಟ್ಟಿದ ಪ್ರತಿಕಾಯಗಳು ರೋಗಿಯ ಸ್ವಂತ ಹೆಪ್ಪುಗಟ್ಟೋ ಅಂಶಗಳ ಮೇಲೂ ತಿರುಗಿಬಿದ್ದು ರಕ್ತಸ್ರಾವ ಆದ ಉದಾಹರಣೆಗಳಿವೆ. ಇನ್ನೊಂದು ತೊಂದರೆ, ಹೀಗೆ ಥಟ್ಟಂತ ಗಟ್ಟಿಮಾಡಿದ್ರೆ ಪ್ಲೇಟ್‌ಲೆಟ್‌ಗಳು ತಮ್ಮಲ್ಲಿರೋದ್ರಲ್ಲಿ ಬಹುಪಾಲು ಮೊದಲ ಕೆಲವು ಗಂಟೆಗಳಲ್ಲೇ ಸುರಿದುಬಿಡ್ತವೆ. ಓಲೆ ಎಲ್ಲಾ ಒಂದೇ ದಿನ ಹಂಚಿ ಮುಗೀತು. ಬರಬೇಕಾದ ಕೋಶಗಳು ಬರೋದು ಮೂರನೇ ದಿನ, ಐದನೇ ದಿನ.

— ಮದುವೆ ಆದ ಮೇಲೆ ಲಗ್ನಪತ್ರಿಕೆ ಓದಿದ ಹಾಗೆ. ನನ್ನ ಚೀಟಿಯಲ್ಲಿರೋದು ಪಿ.ಆರ್.ಪಿ. ಅಲ್ಲವಲ್ಲ?

— ಅಲ್ಲ, ಇದು ಅದರ ತಂಗಿ, ಪ್ಲೇಟ್‌ಲೆಟ್ ಹೆಚ್ಚಿರೋ ಫೈಬ್ರಿನ್. ಫ್ರಾನ್ಸಿನ ನೀಸ್‌ನಲ್ಲಿದ್ದ ಜೋಸೆಫ್ ಶುಕ್ರೂನ್ 2001ರಲ್ಲಿ ಹೇಳಿದ್ದು. ಅಲ್ಲಿ ರಕ್ತಕ್ಕೆ ಏನಾದ್ರೂ ಬೆರೆಸಿ ವಾಪಸ್ ಕೊಡೋದಕ್ಕೆ ಕಾನೂನು ಬಲು ಬಿಗಿ. ಹಾಗಿದ್ರೆ ಏನೂ ಬೆರೆಸೋದೇ ಬೇಡ ಅಂದ್ರು ಅವರು. ಹತ್ತು ಎಂ.ಎಲ್. ರಕ್ತ, ಖಾಲಿ ಗಾಜಿನ ಟ್ಯೂಬು, ತಕ್ಷಣ ಯಂತ್ರ. ನಿಮಿಷಕ್ಕೆ 2700 ಸುತ್ತಿನಂತೆ 12 ನಿಮಿಷ. ಅಷ್ಟೆ.

— ಖಾಲಿ ಟ್ಯೂಬಾದ್ರೆ ಹೆಪ್ಪುಗಟ್ಟಿಸೋದು ಯಾರು?

— ಗಾಜು.

— ಏನಂದೆ?

— ಗಾಜೇ ಹೆಪ್ಪು. ಮನೆಯಲ್ಲಿ ಮೊಸರು ತೀರಿಹೋದಾಗ ಅಜ್ಜಿ ಉಗುರುಬೆಚ್ಚಗಿನ ಹಾಲಿಗೆ ಹಸಿಮೆಣಸಿನಕಾಯಿ ತೊಟ್ಟು ಹಾಕಿಡ್ತಿರಲಿಲ್ವಾ? ಹಾಗೆ. ಗಾಜಿನ ಮೈ ತಗುಲಿದ ಕೂಡಲೇ ರಕ್ತದಲ್ಲಿರೋ ಹನ್ನೆರಡನೇ ಅಂಶ ಎಚ್ಚರಗೊಳ್ಳುತ್ತೆ. ಅದು ಹನ್ನೊಂದನೆಯದನ್ನ ಎಬ್ಬಿಸುತ್ತೆ, ಅದು ಮುಂದಿನದನ್ನ. ಕೊನೆಗೆ ಫೈಬ್ರಿನ್ ಬಲೆ ನೇಯ್ದುಕೊಳ್ಳುತ್ತೆ. ಇದು ಪತ್ತೆಯಾದ ಕಥೆ ಸ್ವಾರಸ್ಯವಾಗಿದೆ, ಹೇಳಲಾ? ಹಲ್ಲಿಗೆ ಸಂಬಂಧ ಇಲ್ಲ.

— ಹೇಳು. ನನ್ನ ಮಾತ್ರೆಗೆ ಇನ್ನೂ ಹೊತ್ತಿದೆ.

— ಅಮೆರಿಕದಲ್ಲಿ ಜಾನ್ ಹೇಗ್‌ಮನ್ ಅಂತ ಒಬ್ಬ, ರೈಲ್ವೆಯಲ್ಲಿ ಬ್ರೇಕ್‌ಮನ್. ಆಪರೇಷನ್‌ಗೆ ಮುಂಚೆ ಅವನ ರಕ್ತ ಪರೀಕ್ಷೆ ಮಾಡಿದ್ರೆ ಗಾಜಿನ ಕೊಳವೆಯಲ್ಲಿ ಬಹಳ ಹೊತ್ತು ಹೆಪ್ಪುಗಟ್ಟಲಿಲ್ಲ. ಆದ್ರೆ ಆಸಾಮಿಗೆ ರಕ್ತ ಸೋರೋ ಕಾಯಿಲೆ ಏನೂ ಇರಲಿಲ್ಲ. ಕ್ಲೀವ್‌ಲ್ಯಾಂಡ್‌ನ ಆಸ್ಕರ್ ರ‍್ಯಾಟ್‌ನಾಫ್ 1955ರಲ್ಲಿ ಅದನ್ನ ಬರೆದ್ರು. ಅವನ ರಕ್ತದಲ್ಲಿ ಇಲ್ಲದ ಆ ಹನ್ನೆರಡನೇ ಅಂಶಕ್ಕೆ ಅವನ ಹೆಸರನ್ನೇ ಇಟ್ಟರು, ಹೇಗ್‌ಮನ್ ಫ್ಯಾಕ್ಟರ್ ಅಂತ. 1968ರಲ್ಲಿ ಅವನು ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಸತ್ತದ್ದು ಯಾತರಿಂದ ಗೊತ್ತಾ? ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡ ರಕ್ತದ ಹೆಪ್ಪಿನಿಂದ.

— ಕೊಳವೆಯಲ್ಲಿ ಹೆಪ್ಪುಗಟ್ಟದ ರಕ್ತ ಎದೆಯಲ್ಲಿ ಗಟ್ಟಿತು. ಮೈಯೊಳಗೆ ಗಾಜು ಇಲ್ಲವಲ್ಲ, ಅಲ್ಲಿ ಬೇರೆ ದಾರಿ ಇರಬೇಕು.

— ಇದೆ. ಪಾಠ ಮಾಡಿದವರಿಗೆ ಬೇಗ ಹೊಳೆಯುತ್ತೆ. ಈಗ ಟ್ಯೂಬಿಗೆ ಬರೋಣ. ಹೆಪ್ಪುಗಟ್ಟೋದೂ ತಿರುಗೋದೂ ಒಟ್ಟಿಗೇ ನಡೀತಿರುತ್ತೆ. ಭಾರದ ಕೆಂಪುಕಣ ತಳಕ್ಕೆ, ತಿಳಿ ಮೇಲಕ್ಕೆ, ನಡುವೆ ಹಳದಿ ಬಣ್ಣದ ಒಂದು ಲೋಳೆಗಡ್ಡೆ. ರಕ್ತದಲ್ಲಿದ್ದ ಪ್ಲೇಟ್‌ಲೆಟ್‌ನ ಬಹುಪಾಲು, ಬಿಳಿಕಣಗಳಲ್ಲೂ ಒಳ್ಳೇ ಪಾಲು ಅದರಲ್ಲಿ ಸಿಕ್ಕಿಕೊಂಡಿರುತ್ತೆ. ಇಕ್ಕಳದಲ್ಲಿ ಎತ್ತಿ, ಸ್ಟೀಲ್ ಡಬ್ಬಿಯ ಜಾಲರಿ ಮೇಲಿಟ್ಟು ಮೆಲ್ಲಗೆ ಒತ್ತಿದ್ರೆ ನೀರು ಬಸಿದು ಹಪ್ಪಳದ ಹಿಟ್ಟಿನ ಹಾಳೆಯ ಹಾಗಾಗುತ್ತೆ. ಹೊಲಿಗೆ ಹಾಕಿದ್ರೂ ಹರಿಯಲ್ಲ. ಗಡ್ಡೆಯ ಕೆಳತುದಿಯಲ್ಲಿ ಒಂಚೂರು ಕೆಂಪು ಉಳಿಸಿಕೊಂಡೇ ಕತ್ತರಿಸಬೇಕು, ಕೆನೆ ಕೂತಿರೋದು ಅಲ್ಲೇ. ಅಂದವಾಗಿ ಕಾಣಲಿ ಅಂತ ಕೆಂಪೆಲ್ಲಾ ಕೆರೆದುಹಾಕೋ ಜಾಣರಿದ್ದಾರೆ.

— ಓಲೆ ಹಂಚೋದು?

— ಇದರಲ್ಲಿ ನಿಧಾನ. ಬಲೆ ಕರಗಿದ ಹಾಗೆ ಒಂದು ವಾರ, ಹತ್ತು ದಿನ ಸ್ವಲ್ಪ ಸ್ವಲ್ಪ ಬಿಡುತ್ತೆ. ನನ್ನನ್ನ ಕೇಳಿದ್ರೆ ಪ್ಲೇಟ್‌ಲೆಟ್ ಎಷ್ಟು ಕೂಡಿತು ಅನ್ನೋದಕ್ಕಿಂತ ಬಲೆ ಎಷ್ಟು ಚೆನ್ನಾಗಿ ನೇಯ್ದಿದೆ ಅನ್ನೋದೇ ಮುಖ್ಯ. ಮೈ ಹೇಗಿದ್ರೂ ಮಾಡ್ತಿದ್ದ ಹೆಪ್ಪನ್ನೇ ಇನ್ನಷ್ಟು ಹಸನಾಗಿ ಮಾಡಿಕೊಡ್ತೀವಿ. ಅದನ್ನ ಔಷಧಿ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ.

— 2700 ಸುತ್ತು ಅಂದೆಯಲ್ಲ, ಯಾವ ಯಂತ್ರದಲ್ಲಿ?

— ಯಾಕೆ?

— ಯಾಕೆ ಅಂದ್ರೆ ಸುತ್ತು ಹೇಳಿದ್ರೆ ಸಾಲದು ಕಣೇ. ಒಂಬತ್ತನೇ ಕ್ಲಾಸಿಗೆ ಕಲ್ಲಿಗೆ ದಾರ ಕಟ್ಟಿ ತಿರುಗಿಸಿ ತೋರಿಸ್ತಿದ್ದೆ. ತ್ರಿಜ್ಯ ಇಮ್ಮಡಿ ಆದ್ರೆ ಬಲ ಇಮ್ಮಡಿ. ಸುತ್ತು ಇಮ್ಮಡಿ ಆದ್ರೆ ಬಲ ನಾಲ್ಕು ಪಟ್ಟು. ತೋಳು ಎಷ್ಟು ಉದ್ದ ಅಂತ ಹೇಳದೆ 2700 ಅಂದ್ರೆ ಏನರ್ಥ?

— ದೊಡ್ಡಮ್ಮ, ನಿಮ್ಮನ್ನ ಜರ್ನಲ್ ಸಂಪಾದಕರನ್ನಾಗಿ ಮಾಡಬೇಕಿತ್ತು. ಎಷ್ಟೋ ವರ್ಷ ನಮ್ಮವರು ಬರೀ ಸುತ್ತನ್ನೇ ಬರೆದ್ರು. ಐದು ಸೆಂಟಿಮೀಟರ್ ತೋಳಿನಲ್ಲಿ 2700 ಸುತ್ತಿಗೆ ಗುರುತ್ವದ ಸುಮಾರು 400 ಪಟ್ಟು ಬಲ. ಹತ್ತು ಸೆಂಟಿಮೀಟರ್ ಇದ್ರೆ 800 ಪಟ್ಟು. ಎರಡಕ್ಕೂ ಹೆಸರು ಪಿ.ಆರ್.ಎಫ್. ಅಂತಲೇ. ಆಮೇಲೆ 1500 ಸುತ್ತು 14 ನಿಮಿಷದ್ದು ಬಂತು, ಅದಕ್ಕೆ ಹಿಂದೆ ಒಂದು ಎ. ಸೇರಿಸಿದ್ರು. ಪ್ಲಾಸ್ಟಿಕ್ ಟ್ಯೂಬಿನಲ್ಲಿ 700 ಸುತ್ತು 3 ನಿಮಿಷ ತಿರುಗಿಸಿ, ಗಟ್ಟಿಯಾಗೋ ಮುಂಚೆ ಸೂಜಿಯಲ್ಲಿ ಎಳೆದುಕೊಳ್ಳೋದಕ್ಕೆ ಐ. ಅಂತ. ಟರ್ಕಿಯವರು ಟೈಟಾನಿಯಂ ಟ್ಯೂಬು ಮಾಡಿದ್ರು. 2009ರಲ್ಲಿ ಇದನ್ನೆಲ್ಲಾ ನಾಲ್ಕು ಗುಂಪಾಗಿ ವಿಂಗಡಿಸೋ ಪ್ರಯತ್ನ ಆಯ್ತು. ಹೊಸ ಹೆಸರುಗಳು ಹುಟ್ಟೋದು ನಿಂತಿಲ್ಲ.

— ಟ್ಯೂಬು ಪ್ಲಾಸ್ಟಿಕ್ ಆದ್ರೆ ನಿನ್ನ ಮೆಣಸಿನ ತೊಟ್ಟು ಹೋಯ್ತಲ್ಲ.

— ಅದಕ್ಕೇ ಆ ಐ. ನೀರಾಗಿ ಉಳಿಯೋದು. ಆದ್ರೆ ಗಡ್ಡೆ ಮಾಡೋದಕ್ಕೂ ಪ್ಲಾಸ್ಟಿಕ್ ಟ್ಯೂಬು ಬಳಸೋರಿದ್ದಾರೆ, ಒಳಮೈಗೆ ಸಿಲಿಕಾ ಸವರಿರೋದು. ಆ ಸಿಲಿಕಾ ಕಣಗಳು ಹೆಪ್ಪಿನೊಳಗೆ ಸೇರಿಕೊಳ್ತವಾ ಅನ್ನೋ ಆತಂಕ ಇದೆ. ನಾನಂತೂ ಗಾಜು ಬಿಡಲ್ಲ.

— ಸರಿ, ಈಗ ಮೂರು ಸಾವಿರದ ಪ್ರಶ್ನೆ. ಮೂಳೆ ಬೆಳೆಯುತ್ತೋ ಇಲ್ಲವೋ?

— ಗುಂಡಿಯೊಳಗೆ ಮೂಳೆ ಅದಿಲ್ಲದೇನೂ ಬೆಳೆಯುತ್ತೆ. ಮೂರು ನಾಲ್ಕು ತಿಂಗಳು ಸಾಕು. ತೊಂದರೆ ಇರೋದು ಅಂಚಿನಲ್ಲಿ. ಹಲ್ಲು ಹೋದ ಮೇಲೆ ಗುಂಡಿಯ ಕೆನ್ನೆಕಡೆ ಗೋಡೆ ಕರಗುತ್ತೆ. 2003ರಲ್ಲಿ ಡೆನ್ಮಾರ್ಕಿನವರು ಅಳೆದು ನೋಡಿದ್ರು. ಒಂದು ವರ್ಷದಲ್ಲಿ ಅಗಲದ ಅರ್ಧದಷ್ಟು ಹೋಗಿತ್ತು, ಅದರಲ್ಲಿ ಮೂರನೇ ಎರಡು ಪಾಲು ಮೊದಲ ಮೂರೇ ತಿಂಗಳಲ್ಲಿ. ಪಿ.ಆರ್.ಎಫ್. ಒಂದೇ ಇಟ್ಟು ಆ ಗೋಡೆ ನಿಲ್ಲಿಸ್ತೀನಿ ಅನ್ನೋರ ಮಾತು ನಾನು ನಂಬಲ್ಲ. ಅದು ಮೆತ್ತನೆಯದು, ಎರಡು ವಾರದಲ್ಲಿ ಕರಗಿಹೋಗುತ್ತೆ, ತೊಲೆಯ ಹಾಗೆ ಭಾರ ಹೊರೋದಿಲ್ಲ. ತೊಲೆ ಬೇಕು ಅಂದ್ರೆ ಮೂಳೆಪುಡಿ ತುಂಬಬೇಕು. ಆ ಪುಡಿಗೆ ನೀರಾಗಿರೋ ಪಿ.ಆರ್.ಎಫ್. ಕಲಸಿದ್ರೆ, ರವೆಗೆ ಪಾಕ ಬೆರೆಸಿ ಉಂಡೆ ಕಟ್ಟಿದ ಹಾಗೆ ಕೂತ್ಕೊಳ್ಳುತ್ತೆ, ಇಟ್ಟ ಕಡೆ ಇರುತ್ತೆ. ಆ ಅನುಕೂಲ ನಿಜ.

— ಹಾಗಾದ್ರೆ ಬರೀ ಗಡ್ಡೆ ಇಟ್ಟು ಏನು ಲಾಭ?

— ಮೇಲಿನ ಒಸಡು ಬೇಗ ಕೂಡಿಕೊಳ್ಳುತ್ತೆ, ಮೊದಲ ವಾರ ನೋವು ಕಡಿಮೆ. ಕೆಳಗಿನ ಬುದ್ಧಿಹಲ್ಲು ಕಿತ್ತಾಗ ಇಟ್ಟರೆ ಡ್ರೈ ಸಾಕೆಟ್ ಕಡಿಮೆ ಆಗುತ್ತೆ ಅಂತ ಹಲವು ಅಧ್ಯಯನಗಳು ಹೇಳ್ತವೆ, ನನ್ನ ಅನುಭವವೂ ಅದೇ. ಒಸಡು ಜಾರಿ ಬೇರು ಕಾಣಿಸೋರಿಗೆ ಅಂಗುಳಿನಿಂದ ಚರ್ಮ ತೆಗೆಯೋ ಬದಲು ಇದನ್ನ ಇಡ್ತಾರೆ. ಅಂಗುಳಿನ ಚರ್ಮಕ್ಕೆ ಸಮ ಬರಲ್ಲ, ಆದ್ರೆ ಇನ್ನೊಂದು ಗಾಯ ತಪ್ಪುತ್ತೆ.

— ನಿನ್ನ ಸ್ವಂತ ಇಲಾಖೆ? ಒಸಡಿನ ರೋಗ?

— ಅಲ್ಲಿ ನಮಗೆ ಪ್ರೀತಿ ಜಾಸ್ತಿ, ಅದಕ್ಕೇ ಹುಷಾರಾಗಿರಬೇಕು. ಕೀವಾಗಿ ಹಲ್ಲಿನ ಪಕ್ಕದ ಮೂಳೆ ತಿಂದುಹೋಗಿ ಗುಂಡಿ ಬಿದ್ದಿರುತ್ತೆ. ತೆರೆದು, ಕೆರೆದು, ಪಿ.ಆರ್.ಎಫ್. ತುಂಬಿ ಹೊಲೀತೀವಿ. 2011ರ ಸುಮಾರಿಗೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಿಂದ ಇದರ ಮೇಲೆ ವರದಿಗಳು ಹೊರದೇಶದ ಜರ್ನಲ್‌ಗಳಲ್ಲಿ ಬಂದ್ವು. ನಮ್ಮ ಕಡೆ ಇದು ಹಬ್ಬಿದ್ದಕ್ಕೆ ಕಾರಣ ಸರಳ. ಗುಂಡಿ ಮೇಲೆ ಹೊದಿಸೋ ಆಮದು ಪೊರೆಗೆ ಸಾವಿರಾರು ರೂಪಾಯಿ, ಇದಕ್ಕೆ ಟ್ಯೂಬಿನ ಖರ್ಚು. 2018ರಲ್ಲಿ, ವೈದ್ಯಕೀಯ ಪರೀಕ್ಷೆಗಳನ್ನ ಒಟ್ಟುಗೂಡಿಸಿ ತೂಗಿ ನೋಡೋ ಕಾಕ್ರೇನ್ ಸಂಸ್ಥೆಯವರು ಅಲ್ಲಿವರೆಗಿನ 38 ಪರೀಕ್ಷೆಗಳನ್ನ ಜರಡಿ ಹಿಡಿದ್ರು. ಬರೀ ತೆರೆದು ಕೆರೆಯೋದಕ್ಕಿಂತ ಇದನ್ನೂ ಸೇರಿಸಿದ್ರೆ ಗುಂಡಿ ಇನ್ನಷ್ಟು ತುಂಬುತ್ತೆ, ಆದ್ರೆ ಪೊರೆ ಹಾಕೋ ವಿಧಾನದ ಜೊತೆ ಸೇರಿಸಿದ್ರೆ ಹೆಚ್ಚುವರಿ ಲಾಭ ಕಾಣಲಿಲ್ಲ. ಪುರಾವೆಯ ಗುಣಮಟ್ಟ ತೀರಾ ಕಡಿಮೆ ಅಂತಲೂ ಬರೆದ್ರು.

— ತುಂಬಿತು ಅಂತ ಹೇಗೆ ಹೇಳ್ತೀರಿ? ಎಕ್ಸ್‌ರೇ?

— ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡ್ರೆ "ಮರುಹುಟ್ಟು" ಅಂತ ಬರೆದುಬಿಡ್ತೀವಿ. ಅದು ಸರಿಯಲ್ಲ. ಹಲ್ಲಿನ ಸುತ್ತ ಇರೋದು ಮೂಳೆ ಒಂದೇ ಅಲ್ಲ. ಬೇರಿನ ಮೇಲೆ ಸಿಮೆಂಟಂ ಅನ್ನೋ ತೆಳು ಪದರ, ಅದರಿಂದ ಮೂಳೆಗೆ ಕಟ್ಟಿದ ನಾರುಗಳು. ಮೂರೂ ಹೊಸದಾಗಿ ಹುಟ್ಟಿ ಒಂದಕ್ಕೊಂದು ಕೂಡಿಕೊಂಡ್ರೆ ಮಾತ್ರ ಮರುಹುಟ್ಟು. ಇಲ್ಲದಿದ್ರೆ ಅದು ತೇಪೆ, ಹರಿದ ಸೀರೆಗೆ ಬೇರೆ ಬಟ್ಟೆ ಹಚ್ಚಿದ ಹಾಗೆ. ಯಾವುದು ಅಂತ ತಿಳಿಯೋಕೆ ಹಲ್ಲನ್ನ ಮೂಳೆ ಸಮೇತ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. 1982ರಲ್ಲಿ ಸ್ವೀಡನ್ನಿನ ನೈಮನ್ ಮತ್ತು ಜೊತೆಯವರು ಪೊರೆ ವಿಧಾನಕ್ಕೆ ಹಾಗೇ ಮಾಡಿದ್ರು. ಒಬ್ಬ ಮನುಷ್ಯನ ಕೆಳಗಿನ ಮುಂಬಲ್ಲು, ಮೂರು ತಿಂಗಳು ಕಾದು ಹೊರಗೆ ತೆಗೆದ್ರು.

— ವಾಸಿ ಆಯ್ತು ಅಂತ ತೋರಿಸೋದಕ್ಕೆ ಹಲ್ಲನ್ನೇ ಕೀಳೋದು!

— ಅದಕ್ಕೇ ಯಾರೂ ತಮ್ಮ ಬಾಯಿ ಕೊಡಲ್ಲ. ಎಕ್ಸ್‌ರೇ ನೋಡಿ ಊಹೆ ಮಾಡ್ತೀವಿ, ಜಾಹೀರಾತಿನಲ್ಲಿ ಊಹೆ ಅನ್ನೋ ಪದ ಬಿಟ್ಟು ಹಾಕ್ತೀವಿ. ಕಾಲೇಜಿನಲ್ಲಿ ಓದುವಾಗ ನಾನೂ ಹಾಗೆ ಬರೆದವಳೇ.

— ಇಷ್ಟು ಕೇಳಿದ ಮೇಲೆ ನನಗನ್ನಿಸೋದು, ಮೂರು ಸಾವಿರ ಕೊಟ್ಟರೆ ನಷ್ಟ ಇಲ್ಲ, ಕೊಡದಿದ್ರೂ ಅಂಥಾ ನಷ್ಟ ಇಲ್ಲ. ಸರಿಯಾ?

— ನಿಮ್ಮ ವಿಷಯದಲ್ಲಿ ಹೆಚ್ಚು ಕಡಿಮೆ ಹಾಗೇ. ಸಕ್ಕರೆ ಕಾಯಿಲೆ ಇಲ್ಲ, ರಕ್ತ ತೆಳು ಮಾಡೋ ಮಾತ್ರೆ ಇಲ್ಲ. ವಾರ್ಫರಿನ್ ನುಂಗೋರಲ್ಲಿ ಗಡ್ಡೆ ಸರಿಯಾಗಿ ಕಟ್ಟೋದೇ ಕಷ್ಟ.

— ಅದೆಲ್ಲಾ ಇಲ್ಲಪ್ಪ. ಗಂಟೆ ಎಷ್ಟಾಯ್ತು? ಎಂಟಕ್ಕೆ ಎರಡು ನಿಮಿಷ. ಇನ್ನೇನು, ಕಾಫಿ ಕುಡೀಬಹುದು, ಬೇಕಾದ್ರೆ ಅಡ್ಡಾಗಬಹುದು.

— ಅಡ್ಡಾಗಬಾರದಿತ್ತಾ? ಯಾವ ಮಾತ್ರೆ ದೊಡ್ಡಮ್ಮ ಅದು?

— ಮೂಳೆದು. ಸೊಂಟದ ಸ್ಕ್ಯಾನ್ ಮಾಡಿ, ಮೂಳೆ ಸವೆದಿದೆ ಅಂತ ಕೊಟ್ಟರಲ್ಲ. ವಾರಕ್ಕೊಂದು, ಭಾನುವಾರ. ಖಾಲಿ ಹೊಟ್ಟೆ, ಒಂದು ಲೋಟ ಬರೀ ನೀರು, ಅರ್ಧ ಗಂಟೆ ನೆಟ್ಟಗೆ ಕೂತಿರಬೇಕು.

— ಅಲೆಂಡ್ರೊನೇಟ್? ಎಪ್ಪತ್ತು ಮಿಲಿಗ್ರಾಂ?

— ಅದೇ ಇರಬೇಕು. ಯಾಕೆ, ಮುಖ ಯಾಕೆ ಹಾಗೆ ಮಾಡಿದೆ?

— ಎಷ್ಟು ವರ್ಷದಿಂದ?

— ನಿಮ್ಮ ದೊಡ್ಡಪ್ಪ ಹೋದ ವರ್ಷ ಶುರು ಮಾಡಿದ್ದು. ಆರು ಆಯ್ತು.

— ಆ ಡಾಕ್ಟರು ಕೇಳಿದ್ರಾ ಇದನ್ನ?

— ಬಿ.ಪಿ. ಇದೆಯಾ, ಶುಗರ್ ಇದೆಯಾ ಅಂತ ಕೇಳಿದ. ಮೂಳೆ ಮಾತ್ರೆಗೂ ಹಲ್ಲಿಗೂ ಏನು ಸಂಬಂಧ ಅಂತ ನಾನೂ ಹೇಳಲಿಲ್ಲ.

— ನಾನೂ ಕೇಳಲಿಲ್ಲ. ಬಂದ ತಕ್ಷಣ ಮಾತ್ರೆ ಅಂದ್ರಿ, ನಾನು ಗಾಜಿನ ಕಥೆ ಹೇಳ್ತಾ ಕೂತೆ. ಈ ಮಾತ್ರೆಯಿಂದ ದವಡೆಗೆ ಒಂದು ತೊಂದರೆ ಆಗಬಹುದು. ಹೆದರಬೇಡಿ, ಮಾತ್ರೆ ನುಂಗೋರಲ್ಲಿ ಅದು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ. ಆದ್ರೆ ವರ್ಷ ಹೆಚ್ಚಾದ ಹಾಗೆ ಸ್ವಲ್ಪ ಏರುತ್ತೆ. ಹಲ್ಲು ಕಿತ್ತ ಜಾಗ ಮಾಯದೆ ದವಡೆ ಮೂಳೆ ಸತ್ತು ಹೊರಗೆ ಕಾಣಿಸಿಕೊಳ್ಳುತ್ತೆ. 2003ರಲ್ಲಿ ಇಂಥ 36 ರೋಗಿಗಳ ಬಗ್ಗೆ ಮೊದಲು ಎಚ್ಚರಿಸಿದ್ದು ಯಾರು ಅಂದ್ರೆ, ಅದೇ ಮಯಾಮಿಯ ಮಾರ್ಕ್ಸ್. ಅವರು ಹೇಳಿದ್ದು ಇದೇ ಜಾತಿಯ ಔಷಧಿಯನ್ನ ನರಕ್ಕೆ ತೊಗೊಳ್ತಿದ್ದವರ ವಿಷಯ, ಹೆಚ್ಚಿನವರು ಕ್ಯಾನ್ಸರ್ ರೋಗಿಗಳು. ಅವರಿಗೆ ಪ್ರಮಾಣ ಬಹಳ ಜಾಸ್ತಿ.

— ಮೂಳೆ ಗಟ್ಟಿಯಾಗಲಿ ಅಂತ ಕೊಡೋ ಮಾತ್ರೆ ಮೂಳೆ ಸಾಯಿಸುತ್ತಾ?

— ನಮ್ಮ ಮೂಳೆಯಲ್ಲಿ ಕೆಡವೋ ಕೋಶ ಒಂದು ತಂಡ, ಕಟ್ಟೋ ಕೋಶ ಒಂದು ತಂಡ. ಈ ಮಾತ್ರೆ ಕೆಡವೋರ ಕೈ ಕಟ್ಟಿಹಾಕುತ್ತೆ. ಸೊಂಟಕ್ಕೆ ಅದು ಒಳ್ಳೇದು, ನಿಮ್ಮ ಸೊಂಟ ಮುರಿಯದೆ ಉಳಿದದ್ದು ಅದರಿಂದಲೇ ಇರಬಹುದು. ಆದ್ರೆ ಹಲ್ಲಿನ ಗುಂಡಿಯಲ್ಲಿ ಹಳೇ ಗೋಡೆ ಬಿಡಿಸೋರು ಬರದಿದ್ರೆ ಹೊಸ ಗಾರೆ ಹಿಡಿಯಲ್ಲ. ಪ್ಲೇಟ್‌ಲೆಟ್ ಎಷ್ಟು ಓಲೆ ಕಳಿಸಿದ್ರೇನು, ಕೆಲಸದವರ ಕೈ ಕಟ್ಟಿದೆಯಲ್ಲ.

— ಹಾಗಾದ್ರೆ ಪಿ.ಆರ್.ಎಫ್. ಬೇಡ.

— ಉಲ್ಟಾ. ಬೇರೆಯವರಿಗೆ ಇದ್ರೂ ಆಯ್ತು ಇಲ್ದಿದ್ರೂ ಆಯ್ತು ಅಂತಿದ್ದೆ, ನಿಮಗೆ ನಾನಾದ್ರೆ ಇಡ್ತೀನಿ. ಮೂಳೆ ಬೆಳೆಯಲಿ ಅಂತಲ್ಲ, ಗುಂಡಿ ಮೇಲೆ ಒಸಡು ಬೇಗ ಮುಚ್ಚಲಿ, ಒಳಗಿನ ಮೂಳೆಗೆ ಬಾಯಿಯ ಕೀಟಾಣು ತಗುಲದಿರಲಿ ಅಂತ. ಪುರಾವೆ ಇನ್ನೂ ಸಣ್ಣದು, ಅಪಾಯವಂತೂ ಇಲ್ಲ. ಆದ್ರೆ ಗುರುವಾರ ಬೇಡ. ಮಾತ್ರೆ ಕೊಟ್ಟ ಡಾಕ್ಟರ ಜೊತೆ ಮೊದಲು ಮಾತಾಡಬೇಕು. ಅಲ್ಲಿವರೆಗೆ ನೀವಾಗೇ ಮಾತ್ರೆ ನಿಲ್ಲಿಸೋ ಹಾಗಿಲ್ಲ. ಇಂಪ್ಲಾಂಟ್ ಮಾತು ಆಮೇಲೆ ನೋಡೋಣ.

— ಮುಂಗಡ ಕೊಟ್ಟುಬಿಟ್ಟಿದ್ದೀನಲ್ಲೇ.

— ಎಲ್ಲಿ ಹೋಗುತ್ತೆ ಬಿಡಿ, ನಾನೇ ಫೋನ್ ಮಾಡಿ ಹೇಳ್ತೀನಿ. ಸ್ಕ್ಯಾನ್ ಮಾಡಿಸಿದ ಚೀಟಿ ಇದೆಯಾ? ತಾರೀಖು ಬೇಕು.

— ನಿಮ್ಮ ದೊಡ್ಡಪ್ಪನ ಟ್ರಂಕಿನಲ್ಲಿರಬೇಕು, ಕರೆಂಟ್ ಬಿಲ್ಲುಗಳ ಜೊತೆ. ತಾಳು, ಕಾಫಿ ಇಳಿದಿದೆಯಾ ನೋಡಿ ಬರ್ತೀನಿ. ಮಂಚದ ಕೆಳಗಿಂದ ಎಳೆಯೋದು ನೀನೇ ಎಳೀಬೇಕು, ನನ್ನ ಸೊಂಟ ಕೇಳಲ್ಲ.